ನಿಲ್ಲುವ ಜಾಗ

ನಿಂತಿರುವುದೂ ಕೆಲಸವೇ ಅಂತ ಮೊದಲು ಹೇಳಿದವರು ನೀವು, ಮೇಡಂ.
ಅಲ್ಲೀವರೆಗೆ ಮೂಡಿಗೆರೆ ಆಸ್ಪತ್ರೆ ಅಂಗಳದಲ್ಲಿ
ಶವದ ಕೋಣೆಯ ನೆರಳಿಗೆ ಗಾಡಿ ಹಾಕಿ
ಸೀಟು ಹಿಂದಕ್ಕೊರಗಿಸಿದರೆ ಸಾಕು,
ಹೋಗಿಬರುವವರದೆಲ್ಲ ಒಂದೇ ಮಾತು:
ಕೂತು ತಿನ್ನೋ ಸಂಬಳ, ಪುಣ್ಯವಂತರು.

ಹಾಸನದ ಕಾಲೇಜಿನಿಂದ ನೀವು ಬಂದಿರಿ,
ಇಡೀ ತಾಲೂಕನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು.
ಬಾನೆಟ್ಟಿನ ಮೇಲೆ ಹರಡಿದಿರಿ. ಬಿಸಿಗೆ ಅಂಚು ಸುರುಳಿ ಸುತ್ತಿತು.
ಒಂದು ಮೂಲೆಗೆ ನನ್ನ ಎಲೆಅಡಿಕೆ ಡಬ್ಬಿ,
ಇನ್ನೊಂದಕ್ಕೆ ಫಿಲೋಮಿನಾ ಸಿಸ್ಟರ ಬಿ.ಪಿ. ಮಿಷನ್ನು.
ಊರೆಲ್ಲ ಚುಕ್ಕೆ. ರಸ್ತೆಯೆಲ್ಲ ಗೆರೆ.
ಗೆರೆಯ ಮೇಲೆ ಬರೆದದ್ದು ನಿಮಿಷ.
ಅದು ನನಗೆ ಹಿಡಿಸಿತು.
ಕೊಟ್ಟಿಗೆಹಾರ ಎಷ್ಟು ದೂರ ಅಂದರೆ
ನಮ್ಮ ಮಾವನೂ ಆರು ಬೀಡಿ ಅನ್ನುತ್ತಿದ್ದ.

ಮೂರು ಗಾಡಿ, ಇನ್ನೂರ ಹನ್ನೊಂದು ಚುಕ್ಕೆ.
ಎಲ್ಲೆಲ್ಲಿ ನಿಂತರೆ
ಹೆಚ್ಚು ಜನಕ್ಕೆ ಇಪ್ಪತ್ತು ನಿಮಿಷದೊಳಗೆ ಸಿಗುತ್ತೇವೆ?
ಒಂದು ಗಾಡಿ ಹೊರಟರೆ ಉಳಿದೆರಡು ಎತ್ತ ಸರಿಯಬೇಕು?
ಒಂದೇ ಕಂಬಳಿಯೊಳಗಿನ ಮೂವರಲ್ಲಿ ಒಬ್ಬನೆದ್ದರೆ
ಮಿಕ್ಕಿಬ್ಬರು ನಿದ್ದೆಯಲ್ಲೇ ಎಳೆದು ಹೊದ್ದುಕೊಳ್ಳುತ್ತಾರಲ್ಲ,
ಅದೇ ತಾನೇ, ಅಂದೆ. ಬರೆದುಕೊಂಡಿರಿ.

ಉತ್ತರ ಬಂತು: ಮಧ್ಯಾಹ್ನ ಎರಡರಿಂದ ಆರು,
ಬಣಕಲ್ ದಾಟಿ ಒಂದು ತಿರುವು.
ಗೋಣಿಮರ, ಮುರುಕು ಮೈಲಿಗಲ್ಲು.
ಟೀ ಸಿಗಲ್ಲ ಅಂತ ಸಿಸ್ಟರು ಗೊಣಗಿದರು.
ಲಾರಿಯವರು ನಿಲ್ಲಿಸಿ ನಿಲ್ಲಿಸಿ ಕೇಳಿದರು, ಕೆಟ್ಟಿದೆಯಾ?

ಮೂರನೇ ವಾರ, ಮೆಣಸು ಕೊಯ್ಯುವ ಏಣಿಯಿಂದ ಬಿದ್ದವನ ಹತ್ತಿರ
ಒಂಬತ್ತು ನಿಮಿಷಕ್ಕೆ ಇದ್ದೆವು.
ಅವನ ಹೆಂಡತಿ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು:
ಇಷ್ಟು ಬೇಗ? ಮೊದಲೇ ಗೊತ್ತಿತ್ತಾ ನಿಮಗೆ?
ಗೊತ್ತಿತ್ತು ತಾಯಿ, ಯಾರೋ ಬೀಳುತ್ತಾರೆ ಅಂತ.
ಹಾಗಂತ ಹೇಳಲಿಲ್ಲ. ಸ್ಟ್ರೆಚರಿನ ಬೆಲ್ಟು ಬಿಗಿದೆ.

ಗೋಣಿಬೀಡಿನ ಹತ್ತಿರ ಒಂಟಿ ಸಲಗ ರಸ್ತೆಗಡ್ಡ ನಿಂತ ರಾತ್ರಿ
ನಿಮಗೆ ಫೋನು ಹಚ್ಚಿದೆ: ಈ ಗೆರೆಗೆ ಈಗೆಷ್ಟು ನಿಮಿಷ?
ಅದನ್ನೇ ಕೇಳಿ ಹೇಳಿ ಅಂದಿರಿ, ನಿದ್ದೆಗಣ್ಣಲ್ಲಿ.

ಆದರೆ ಆ ಒಂದು ಚುಕ್ಕೆ, ಮೇಡಂ.
ಮೇಲೆ, ಮಡಿಕೆ ಸವೆದ ಜಾಗದಲ್ಲಿ, ಕೆಂಚನಗುಡ್ಡ.
ಹದಿನಾಲ್ಕು ಮನೆ. ತೂಕ ಸೊನ್ನೆ.
ಐದು ವರ್ಷದಲ್ಲಿ ಅಲ್ಲಿಂದ ಒಂದೂ ಕರೆ ಇಲ್ಲವಲ್ಲ, ಅಂದಿರಿ.
ಅಲ್ಲಿ ಸಿಗ್ನಲ್ಲೇ ಇಲ್ಲ.
ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಕಟ್ಟಿ
ನಾಲ್ವರು ಹೊತ್ತು ಇಳಿಸುತ್ತಾರೆ, ಒಂದೂವರೆ ತಾಸು.
ಕೆಳಗೆ ಸೇತುವೆ ಮುಟ್ಟಿದ ಮೇಲೆ ಫೋನು ಹತ್ತುತ್ತದೆ.
ನಿಮ್ಮ ಪಟ್ಟಿಯಲ್ಲಿ ಅವೆಲ್ಲ ಸೇತುವೆಯ ಕರೆ.
ಸೇತುವೆ ಪಕ್ಕ ಒಂದು ಗುಡಿಸಲೂ ಇಲ್ಲ.
ಮೂವತ್ತೇಳು ಸಲ ಯಾರಿಗೆ ಎದೆನೋವು ಬಂತು ಅಂದುಕೊಂಡಿರಿ,
ಕಲ್ಲುಕಂಬಕ್ಕಾ?

ನೀವು ಪೆನ್ನಿನ ಮುಚ್ಚಳ ತೆಗೆದಿರಿ, ಹಾಕಿದಿರಿ, ತೆಗೆದಿರಿ.
ಸೊನ್ನೆಯ ಮೇಲೆ ಗೀಟೆಳೆದು
ಏನು ಬರೆಯಲಿ ಹೇಳಿ ಅಂತ ನನ್ನ ಕೇಳಿದಿರಿ.
ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಇಪ್ಪತ್ತೆಂಟು ತೆಗೆದವನನ್ನು.
ಅಂಕಿ ಬರಲಿಲ್ಲ ಬಾಯಿಗೆ.
ಹೊತ್ತುತಂದವರ ಹೆಸರು ಬಂತು:
ಗಿಡ್ಡಯ್ಯ, ತುಕ್ರ, ಬಸುರಿ ಚೀಂಕ್ರಿ,
ಕುರ್ಚಿಯಲ್ಲೇ ತಣ್ಣಗಾಗಿದ್ದ ಮಂಚಮ್ಮಜ್ಜಿ.

ಹೊಸ ಲೆಕ್ಕ ಇನ್ನೂ ಬಂದಿಲ್ಲ.
ಗಾಡಿ ಅದೇ ಗೋಣಿಮರದ ಕೆಳಗೆ.
ಮೂತಿ ಮಾತ್ರ ತಿರುಗಿಸಿ ನಿಲ್ಲಿಸುತ್ತಿದ್ದೇನೆ,
ಗುಡ್ಡದ ಕಡೆಗೆ.
ಗಾಡಿ ತಿರುಗಿಸೋ ಹೊತ್ತು ಉಳಿಯಿತು, ಇಪ್ಪತ್ತು ಸೆಕೆಂಡು,
ಅಂದರು ಸಿಸ್ಟರು, ನಾಡಿ ಹಿಡಿಯುವ ಗಡಿಯಾರ ನೋಡಿ.