ಇನ್ನೊಂದೆಲೆ

ಗುತ್ತಲು ರಸ್ತೆಯ ಮೈಕ್‌ಸೆಟ್ ಅಂಗಡಿಯಲ್ಲಿ
ನಾನು ವೈರು ಸುತ್ತುವ ಹುಡುಗ.
ಕೆಟ್ಟ ಆಂಪ್ಲಿಫೈಯರಿಗೆ ಕಿವಿಯಿಟ್ಟೇ
ಯಾವ ಬೆಸುಗೆ ಬಿಟ್ಟಿದೆಯೆಂದು ಹೇಳುತ್ತಿದ್ದ ಬೋರಲಿಂಗಣ್ಣ,
ಮಂಡ್ಯದವರ ಬಾಯಲ್ಲಿ ನೇವಿ ಬೋರಣ್ಣ.

ಕಾಲುವೆ ಬಿಟ್ಟರೆ ಬೇರೆ ನೀರು ಕಾಣದವನನ್ನು
ಹಡಗಿನ ಹೊಟ್ಟೆಯೊಳಗೆ ಕೂರಿಸಿ
ಕಿವಿಗೆ ಎರಡು ಬಟ್ಟಲು ಕಟ್ಟಿ
ಸಮುದ್ರ ಕೇಳು ಅಂದರಂತೆ.
ಸೀಗಡಿಗಳ ಚಟಪಟ, ಒಲೆಗೆ ಹಸಿಸೌದೆ ಒಡ್ಡಿದ ಹಾಗೆ.
ತಿಮಿಂಗಿಲ, ಕರು ಕಳಕೊಂಡ ಎಮ್ಮೆಯ ಹಾಗೆ.
ಇದೆಲ್ಲ ಹೇಳುತ್ತಿದ್ದ, ಬೆಸುಗೆಯ ಹೊಗೆಗೆ ಕಣ್ಣು ಕಿರಿದು ಮಾಡಿ.
ಯುದ್ಧದ್ದು ಮಾತ್ರ ಹೇಳುತ್ತಿರಲಿಲ್ಲ.

ಕೆಲಸವಿಲ್ಲದ ಒಂದು ಮಧ್ಯಾಹ್ನ
ಸ್ಪ್ಯಾನರಿನಿಂದ ಹಾರನ್ನಿನ ಪೈಪು ಬಡಿಯುತ್ತ ಕೂತಿದ್ದೆ,
ಟಣ್, ಟಣ್, ಸುಮ್ಮನೆ.
ಅಣ್ಣ ಬಂದು ನನ್ನ ಕೈ ಹಿಡಿದ. ಬೈಯಲಿಲ್ಲ.
ಕೈ ಬಿಡಲೂ ಇಲ್ಲ,
ಸಕ್ಕರೆ ಫ್ಯಾಕ್ಟರಿಯ ಸೈರನ್ನು ಕೂಗಿ ಮುಗಿಯುವ ತನಕ.

ಪಿತೃಪಕ್ಷದ ಅಮಾವಾಸ್ಯೆಗೆ ಅವರ ಮನೆಯಲ್ಲಿ ಎರಡು ಎಡೆ.
ದೊಡ್ಡೆಲೆ ಹಿರಿಯರಿಗೆ. ಮುದ್ದೆ, ಬಾಡು, ಕಜ್ಜಾಯ,
ಅಪ್ಪನಿಗೊಂದು ಕಟ್ಟು ಬೀಡಿ, ತಾತನಿಗೆ ಕಾಲು ಬಾಟಲಿ.
ಗೋಡೆ ಮೂಲೆಗೆ ಇನ್ನೊಂದೆಲೆ.
ಅದರ ಬಾಡು ಬೇರೆ ಮಡಕೆಯಲ್ಲಿ ಬೆಂದದ್ದು;
"ಪೇಟೆಬೀದಿ ಖಾಸಿಂ ಸಾಬರ ಅಂಗಡೀಲೇ ತಗಾ" ಎಂದು
ನನ್ನನ್ನೇ ಕಳಿಸುತ್ತಿದ್ದ.
ಆ ಎಲೆಗೆ ಬಾಟಲಿ ಇಲ್ಲ.
ಹಿತ್ತಾಳೆ ಚೊಂಬಿನ ತುಂಬ ಕಾವೇರಿ ನೀರು,
ಶ್ರೀರಂಗಪಟ್ಟಣಕ್ಕೆ ಸೈಕಲ್ ತುಳಿದು ತಂದದ್ದು.
"ಉಪ್ಪುನೀರೊಳಗವ್ರೆ," ಅಷ್ಟೇ.

ಯಾರಿಗೆ ಎಂದು ಜವರಮ್ಮ ಮೊದಲ ವರ್ಷವೇ ಕೇಳಿದ್ದಳಂತೆ.
ಹೆಸರು ಗೊತ್ತಿಲ್ಲ ಅಂದನಂತೆ.
ಎಷ್ಟು ಜನ ಅಂದದ್ದಕ್ಕೆ
ಪೇಪರಲ್ಲಿ ಒಂದು ಲೆಕ್ಕ ಬಂದಿತ್ತು, ನಂಬಬೇಡ ಅಂದನಂತೆ.
ಅವಳು ಕರ್ಪೂರ ಹಚ್ಚಿ
"ಹೆಸರಿಲ್ದೋರೆ, ನಾಚ್ಕಬ್ಯಾಡಿ, ಉಂಡೋಗಿ" ಅಂದಳು.
ವರ್ಷವರ್ಷವೂ ಹಾಗೇ ಅನ್ನುತ್ತಿದ್ದಳು.

ಎಡೆಯಿಟ್ಟು ಬಾಗಿಲೆಳೆದು ಜಗಲಿಯಲ್ಲಿ ಕಾಯಬೇಕು.
ಉಣ್ಣುವವರು ಉಂಡ ಮೇಲೆ
ಬಾಗಿಲು ತಟ್ಟಿ ಒಳಗೆ ಹೋಗಬೇಕು.
ತಟ್ಟುವ ಕೆಲಸ ಯಾವಾಗಲೂ ಜವರಮ್ಮನದು.
ಅಣ್ಣ ಆಗ ಬೀದಿ ತುದಿಯ ಬೋರ್‌ವೆಲ್ ಹತ್ತಿರ
ಬೆನ್ನು ಹಾಕಿ ನಿಂತಿರುತ್ತಿದ್ದ.

ಜವರಮ್ಮ ಹೋದ ವರ್ಷ
ಅವಳ ಸೀರೆಯೂ ದೊಡ್ಡೆಲೆಯ ಮುಂದಿತ್ತು.
"ನೀನು ತಟ್ಟು" ಅಂದ ನನಗೆ.
ಬೀದಿ ತುದಿಗೆ ಹೋಗಲಿಲ್ಲ. ಜಗಲಿಯಲ್ಲೇ ಕೂತು
ಚಪ್ಪಲಿ ನೋಡುತ್ತ ಹೇಳಿದ:

"ಸಿಡಿದ ಮ್ಯಾಲೂ ತಟ್ತಾ ಇದ್ರು ಕಣ್ಲಾ. ಒಳಗಿಂದ.
ಕಬ್ಣಕ್ಕೆ ಕಬ್ಣ. ಬೆಳಗಿನ ಜಾವದ ಗಂಟ.
ಸಾಹೇಬ್ರು ಬಂದು, ಏನಾದ್ರೂ ಕೇಳಿಸ್ತದಾ ಅಂದ್ರು.
ಏನಿಲ್ಲ ಸಾರ್ ಅಂದೆ.
ಬುಕ್ಕಲ್ಲೂ ಹಂಗೇ ಬರದೆ.
ಕೇಳಿಸ್ತದೆ ಅಂದಿದ್ರೆ ಇನ್ನೊಂದು ಹಾಕ್ತಿದ್ರೋ,
ಎತ್ತಕ್ಕೆ ನೋಡ್ತಿದ್ರೋ.
ಇವತ್ತಿಗೂ ಗೊತ್ತಿಲ್ಲ."

ಬೆರಳ ಗೆಣ್ಣಿನಿಂದ ತಟ್ಟಿದೆ, ಮೂರು ಸಲ.
ಹಳೆಯ ಹೊನ್ನೆ ಬಾಗಿಲು, ದಪ್ಪ ಸದ್ದು.
ಒಳಗೆ ಹಲ್ಲಿ. ಆಚೆಮನೆಯ ಕುಕ್ಕರು.
ರಸ್ತೆಯಲ್ಲಿ ಕಬ್ಬಿನ ಲಾರಿ ಗೇರು ಬದಲಿಸಿದ್ದು.
ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.
"ಕೇಳಿಸ್ತಾ?"

ಏನಿಲ್ಲಣ್ಣ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು.
ಹ್ಞೂ ಅಂದೆ.

ಎದ್ದು ಬಂದು ಬಾಗಿಲ ಮೇಲೆ ಅಂಗೈಯಿಟ್ಟ,
ಹಾಡುವ ಸ್ಪೀಕರಿನ ಹೊಟ್ಟೆ ಮುಟ್ಟಿ ನೋಡುವ ಹಾಗೆ.
"ಎಷ್ಟು ಸಲ?" ಅಂದ.