ಸಾಲಿಗೆ ಎರಡು ಸೂ

ನಾಂತ್ ಪಟ್ಟಣದ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದೆ.
ಅವಳನ್ನು ಕಾಣುವ ಮೊದಲು ಅವಳ ಕೈಬರಹ ಕಂಡೆ:
ಎಡಕ್ಕೆ ವಾಲಿದ ಅಕ್ಷರ,
ಮೀನಂಗಡಿಯ ಲೆಕ್ಕದ ಹಾಳೆಯ ಬೆನ್ನಿಗೆ.
ಮೂಸಿದರೆ ಸಾರ್ಡೀನ್.

ಹೆಸರು ಅರ್ಮೆಲ್ ಕೆರ್ವೆಲ್ಲಾ.
ಪತ್ರಿಕೆಯಲ್ಲಿ ಮಾತ್ರ ಗಂಡಸು, ನಿವೃತ್ತ ಕರ್ನಲ್.
ಕರ್ನಲ್ಲನಿಗೆ ದೂರದೂರದ ವಿಧವೆಯರಿಂದ
ಪ್ರೇಮಪತ್ರ ಬರುತ್ತಿತ್ತು.
ಕಾಗದ ಒಳ್ಳೆಯದು. ಅದರ ಬೆನ್ನಿಗೂ
ಅವಳು ಮುಂದಿನ ಕಂತು ಬರೆದು ಕಳಿಸಿದಳು.

ಸಾಲಿಗೆ ಎರಡು ಸೂ. ಇದು ಕರಾರು.
ಸಾಲು ತುಂಬಿರಲಿ, ಒಂದೇ ಪದವಿರಲಿ.
ಹಾಗಾಗಿ ಅವಳ ಕಾದಂಬರಿಯ ಜನ
ಮಾತಾಡುತ್ತಿದ್ದುದೇ ಹೀಗೆ:

— ನೀವೇ?
— ನಾನೇ.
— ನಿಜವಾಗಿ?
— ಅಯ್ಯೋ.
— ಏನು?
— ಏನಿಲ್ಲ.

ಹನ್ನೆರಡು ಸೂ. ಒಂದು ದೊಡ್ಡ ರೊಟ್ಟಿ.

ನದಿ ಹೆಪ್ಪುಗಟ್ಟಿದ ವರ್ಷ ಒಬ್ಬ ಮುದಿ ಮಾರ್ಕ್ವಿಸ್
ಗುಂಡು ತಗುಲಿ ಹದಿನೇಳು ದಿನ ಸಾಯುತ್ತಲೇ ಇದ್ದ.
ಕಲ್ಲಿದ್ದಲು ಅಷ್ಟು ತುಟ್ಟಿ.
ಸಂಪಾದಕ ಗಿಯೊಟೊ ಮೇಜು ಕುಟ್ಟಿದ: ಹೂಳಿ ಅವನನ್ನು!
ಹೂಳಿದಳು. ಮಣ್ಣು ಹಾಕಲು ಬಂದ ಊರಿನವರೆಲ್ಲ
ಒಬ್ಬೊಬ್ಬರೂ ಒಂದೊಂದು ಮಾತಾಡಿ ಹೋದರು.

ಆದರೂ ಸಾಲು ಸಾಲದು, ಸಾಲ ನಿಲ್ಲದು.
ಹಡಗು ಹತ್ತಿದ ಗಂಡ ಹಡಗಿನಲ್ಲೇ ಉಳಿದಿದ್ದ.
ಮಾವ ಬದುಕಿದ್ದ, ಹಲ್ಲಿಲ್ಲದೆ, ಹಸಿವು ತುಂಬ.

ನನ್ನದೊಂದು ಕಳ್ಳತನವಿದೆ. ಈಗ ಹೇಳಬಹುದು,
ಗಿಯೊಟೊ ಸತ್ತ, ಪತ್ರಿಕೆಯೂ ಸತ್ತಿತು.
ಪದ ಪದದ ನಡುವೆ ಸೀಸದ ಚೂರೊಂದನ್ನು
ಹೆಚ್ಚಾಗಿ ತುರುಕಿದರೆ
ಕಂಡಿಕೆಯ ಕೊನೆಯ ಪದ ಜಾರಿ ಕೆಳಗೆ ಬೀಳುತ್ತದೆ.
ಬಿದ್ದ ಪದವೇ
ಒಂದು ಸಾಲು.

ವಾರಕ್ಕೆ ಹತ್ತು, ಹನ್ನೆರಡು ಬೀಳಿಸಿದೆ,
ಯಾರೂ ನೋಡದಾಗ ಮರ ಅಲುಗಿಸುವ ಹುಡುಗನಂತೆ.
ನಾವು ಎದುರಾದದ್ದು ಮೂರೋ ನಾಲ್ಕೋ ಸಲ, ಮೆಟ್ಟಿಲಲ್ಲಿ.
ಅವಳ ಬೆರಳಲ್ಲೂ ಮಸಿ, ನನ್ನ ಬೆರಳಲ್ಲೂ ಮಸಿ,
ಕೈಕುಲುಕಲಿಲ್ಲ.
ಒಮ್ಮೆ ಮಾತ್ರ ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನ ಗೀಚು:
"ಮೊಳೆಯವರೆ, ಗುರುವಾರದ್ದು ತುಸು ಹೆಚ್ಚಾಯಿತು."

ಐವತ್ತೆರಡನೆಯ ವಯಸ್ಸಿಗೆ ಕರ್ನಲ್ಲನನ್ನು ಬಿಟ್ಟು
ತನ್ನ ಹೆಸರಿನಲ್ಲಿ ಒಂದು ಪುಸ್ತಕ ಬರೆದಳು.
ಒಬ್ಬ ಹೆಂಗಸು ಮೀನಿನ ಕಾರ್ಖಾನೆಯಿಂದ
ಮನೆಗೆ ನಡೆಯುತ್ತಾಳೆ. ಅಷ್ಟೇ. ಇನ್ನೂರ ಹತ್ತು ಪುಟ.
ಒಂದೇ ಕಂಡಿಕೆ. ಯಾರೂ ಬಾಯಿ ಬಿಡುವುದಿಲ್ಲ.
ಪ್ಯಾರಿಸ್ಸಿನಲ್ಲಿ ಅಚ್ಚಾಯಿತು, ಬೇರೆಯವರ ಮೊಳೆಯಲ್ಲಿ.
ನಾನು ಕೊಂಡು ಓದಿದೆ, ಸಾಲು ಮುರಿಯಲು ಜಾಗ ಹುಡುಕುತ್ತ.
ಸಿಗಲಿಲ್ಲ. ಉಬ್ಬರದ ನೀರನ್ನು
ಎಲ್ಲಿ ಮುರಿಯುತ್ತೀರಿ?

ಮುನ್ನೂರ ನಲವತ್ತು ಪ್ರತಿ ಹೋದವು.
ದೊಡ್ಡ ವಿಮರ್ಶಕನೊಬ್ಬ ಬರೆದ:
ಹೊಸ ಲೇಖಕಿ, ಭರವಸೆಯಿದೆ,
ಆದರೆ ಪಾಪ, ಸಂಭಾಷಣೆ ಬರೆಯಲು ಬರುವುದಿಲ್ಲ.
ಅಚ್ಚುಕೂಟದಲ್ಲಿ ನಾನು ನಕ್ಕ ರಭಸಕ್ಕೆ
ಮೊಳೆಯ ತಟ್ಟೆ ಮಗುಚಿತು.
ಸಂಜೆಯವರೆಗೂ ನೆಲದಿಂದ ಅಕ್ಷರ ಹೆಕ್ಕಿದೆ.

ಮಾರ್ಚಿಯಲ್ಲಿ ತೀರಿಕೊಂಡಳು.
ಪೆಟ್ಟಿಗೆಗೆ ಹೊಡೆದ ಮೊಳೆ
ನನ್ನ ಮೊಳೆಗಿಂತ ಉದ್ದ. ಒಂದರ ತಲೆಯಲ್ಲೂ ಅಕ್ಷರವಿಲ್ಲ.
ಬಂದವರು ಐದು ಜನ, ಮೀನಂಗಡಿಯ ವಿತಾಲೀನ್ ಸೇರಿ.
ಕರ್ನಲ್ಲನ ವಿಧವೆಯರಿಗೆ ಯಾರೂ ತಿಳಿಸಲಿಲ್ಲ.

ಗೋರಿಕಲ್ಲಿನವನು ಹೇಳಿದ: ಅಕ್ಷರಕ್ಕೆ ಇಷ್ಟು.
ವಿತಾಲೀನ್ ಬೆರಳು ಮಡಚಿ ಎಣಿಸಿದಳು,
ನಮ್ಮಿಬ್ಬರ ಕಾಸಿಗೆ ಹೆಸರು ಬಂತು, ಇಸವಿ ಬರಲಿಲ್ಲ.
ಅಕ್ಷರದ ನಡುವಿನ ಜಾಗಕ್ಕೆ?
ಅದಕ್ಕೇನು ಕೊಡುತ್ತೀರಿ, ಅಂದ ಅವನು. ಅದು ಬರಿಗಲ್ಲು.

ಹಾಗಾದರೆ ದೂರ ದೂರ ಕೊರೆಯಪ್ಪ, ಅಂದೆ,
ಅಂಚಿನಿಂದ ಅಂಚಿಗೆ.
ಕೊರೆದ. ಕೊನೆಯ ಅಕ್ಷರ ಹಿಡಿಸದೆ
ಕೆಳಗೆ ಜಾರಿ
ಒಂಟಿಯಾಗಿ ನಿಂತಿದೆ.

ಎರಡು ಸೂ.