ಕಂಡರಿಯದ ಕಸುಬುಗಳು

ಕೊನೆಯ ಹಡಗಿನಲ್ಲಿ ಬಂದ ಪುಸ್ತಕ ಇದು,
ಹಿಟ್ಟಿನ ಮೂಟೆಗಳ ನಡುವೆ ಸಿಕ್ಕಿ
ಮೂಲೆ ಮಡಚಿಕೊಂಡು.
ಮುಂದಿನ ಹಡಗು ಜೂನಿಗೆ.
ಅಲ್ಲಿಯವರೆಗೆ ನಾನು, ಏಳು ಮಕ್ಕಳು,
ಮಟಮಟ ಮಧ್ಯಾಹ್ನವೂ ಉರಿಯುವ ದೀಪ,
ಮತ್ತು ಪಾಠ ನಾಲ್ಕು: ನಮ್ಮ ಸುತ್ತಲಿನ ಕೆಲಸಗಾರರು.

ಮೊದಲನೆಯವನು ತೋಟದ ಮಾಲಿ.
ಕೈಯಲ್ಲಿ ಕತ್ತರಿ, ಹಿಂದೆ ಆಳೆತ್ತರದ ಹಸಿರು.
'ಹುಲ್ಲಿಗೆ ಕ್ಷೌರ ಮಾಡಿದ್ರೆ ದುಡ್ಡು ಕೊಡ್ತಾರಾ?'
ಮಿಟೆಕ್‌ಗೆ ನಂಬಿಕೆಯೇ ಬರಲೊಲ್ಲದು.
ಎರಡನೆಯವನು ನಾಲ್ಕು ರಸ್ತೆ ಕೂಡುವಲ್ಲಿ
ಕೈಯೆತ್ತಿ ನಿಂತ ಪೊಲೀಸ್.
'ಪಾಪ, ಯಾರನ್ನೋ ಕರೀತಿದಾನೆ,
ಯಾರೂ ಬರ್ತಿಲ್ಲ' ಅಂದಳು ಇನಾಲುಕ್.
ನಮ್ಮೂರಿಗೆ ರಸ್ತೆಯೇ ಒಂದು, ಅಂಗಡಿಯಿಂದ ದಕ್ಕೆಗೆ.
ಓಡುವ ಟ್ರ್ಯಾಕ್ಟರೂ ಒಂದೇ.
ತನಗೆ ತಾನೇ ಹೇಗೆ ಎದುರಾದೀತು ಅದು?

ಪುಸ್ತಕ ಮುಚ್ಚಿದೆ.
ಸರಿ, ನಿಮ್ಮನಿಮ್ಮ ಮನೆಯಲ್ಲಿ ಯಾರು ಏನು ಮಾಡ್ತಾರೆ?

ಮಿಟೆಕ್‌ನ ಅಜ್ಜ ಕತ್ತಲಲ್ಲೇ ದೋಣಿ ಬಿಟ್ಟು
ತೇಲುವ ಹಿಮದ ಬೆಟ್ಟದಿಂದ ಉದುರಿದ ತುಂಡುಗಳನ್ನು
ಬಲೆಹಾಕಿ ಎಳೆದು ತರುತ್ತಾನೆ, ಕುಡಿಯಲಿಕ್ಕೆ.
ನೆಕ್ಕಿ ನೋಡಿಯೇ ಹೇಳುತ್ತಾನಂತೆ
ಯಾವುದು ಹಳೆಯದು, ಯಾವುದಕ್ಕೆ ಉಪ್ಪು ತಾಗಿದೆ ಎಂದು.
'ಆದ್ರೆ ಅದು ಕೆಲ್ಸ ಅಲ್ಲ ಟೀಚರ್, ಅದು ನೀರು.'

ಇನಾಲುಕ್‌ಳ ಚಿಕ್ಕಮ್ಮ ಬೇಸಿಗೆಯ ಪ್ರವಾಸಿಗರ ಹಿಂದೆ
ಬಂದೂಕು ಹಿಡಿದು ನಿಲ್ಲುತ್ತಾಳೆ.
ಅವರು ಹಕ್ಕಿ ನೋಡುತ್ತಾರೆ,
ಈಕೆ ನೋಡುವುದು ಬಂಡೆಗಳನ್ನು:
ಕೆನೆಬಣ್ಣದ್ದೊಂದು ಎದ್ದು ನಡೆಯಲು ಶುರುಮಾಡೀತೇ ಎಂದು.
ಇಡೀ ಬೇಸಿಗೆ ಏನೂ ಆಗದಿದ್ದರೂ ಸಂಬಳ ಪೂರ್ತಿ.

ಉಯಾರಾಕ್‌ನ ಅಮ್ಮ ಸೀಲಿನ ಹೊಟ್ಟೆ ಬಗೆದು
ಅದು ಉಂಡದ್ದನ್ನೆಲ್ಲ ಪಟ್ಟಿಮಾಡಿ ರಾಜಧಾನಿಗೆ ಕಳಿಸುತ್ತಾಳೆ.
ಅಲ್ಲಿ ಯಾರು ಓದ್ತಾರೆ?
'ಓದೋ ಕೆಲ್ಸದವ್ರು.'

ಆಲೆಕಾ ಮಾತ್ರ ತುಟಿ ಬಿಚ್ಚಲಿಲ್ಲ.
ಅವಳಪ್ಪ ಮಸೌನಾನನ್ನು ಊರೆಲ್ಲ ಬಲ್ಲದು.
ಕಬ್ಬಿಣದ ಮೊನೆಯ ಕೋಲು ಹಿಡಿದು
ಹೆಪ್ಪುಗಟ್ಟಿದ ಕಡಲಿನ ಮೇಲೆ ಎಲ್ಲರಿಗಿಂತ ಮೊದಲು ಕಾಲಿಡುವವನು.
ಕುಟ್ಟುತ್ತಾನೆ, ಕಿವಿಗೊಡುತ್ತಾನೆ, ಮತ್ತೆ ಕುಟ್ಟುತ್ತಾನೆ.
ಆಮೇಲೆ ಅಂಗಡಿಗೆ ಬಂದು ಒಂದೇ ಮಾತು: 'ಹೋಗಬಹುದು.'
ಅಂದೇ ನಾಯಿಗಳಿಗೆ ಹಗ್ಗ, ಜಾರುಬಂಡಿಗೆ ಜೀವ.
ಈ ವರ್ಷ ಡಿಸೆಂಬರ್ ಅರ್ಧ ಕಳೆದರೂ
ಆ ಮಾತು ಬಂದಿಲ್ಲ.

ಬಲವಂತ ಬೇಡವೆಂದು ಬೋರ್ಡಿನತ್ತ ತಿರುಗಿದೆ.
ಅಷ್ಟರಲ್ಲಿ ಎದ್ದು ಬಂದಳು, ತಾನೇ ಪುಸ್ತಕ ತೆರೆದಳು,
ಪೊಲೀಸನ ಬೆನ್ನ ಹಿಂದೆ, ಹಾಳೆಯ ಅಂಚಿನಲ್ಲಿ,
ಬಸ್ ನಿಲ್ದಾಣದ ಕಂಬಕ್ಕೊರಗಿ ನಿಂತ
ಹೆಸರಿಲ್ಲದ ಒಬ್ಬನ ಮೇಲೆ ಬೆರಳಿಟ್ಟಳು.
'ನಮ್ಮಪ್ಪಂದು ಇವನ ಕೆಲ್ಸ.'

ಇವನು ಬಸ್ಸಿಗೆ ಕಾಯ್ತಿದಾನಮ್ಮ, ಅಂದೆ.
'ಬರುತ್ತಾ?'
ಬರುತ್ತೆ, ಅಂದುಬಿಟ್ಟೆ.
ಅಂದಮೇಲೆ ಪುಟ ತಿರುವಿ ನೋಡಿದೆ,
ಅಲ್ಲಿ ಆಗಲೇ ರೊಟ್ಟಿ ಸುಡುವವನು.

ಗಂಟೆಯಾಯಿತು. ಬೂಟುಗಳ ಗಲಾಟೆ.
ಬಾಗಿಲಲ್ಲಿ ಮಿಟೆಕ್, ಒಂದೇ ಕೈಗವಸಿನಲ್ಲಿ,
ಇನ್ನೂ ಅಲ್ಲೇ ಇದ್ದಾನೆ:
'ಕತ್ತರಿಸಿದ ಹುಲ್ಲನ್ನ ಅವ್ರು ಎಲ್ಲಿ ಇಡ್ತಾರೆ, ಟೀಚರ್?'